ಎಷ್ಟನೇ? ಎಷ್ಟರಲ್ಲಿ ಎಷ್ಟು? ಕನ್ನಡದ ಕ್ರಮಸಂಖ್ಯೆ ಮತ್ತು ಚಿಕ್ಕ ಭಾಗಗಳ ಪದಗಳನ್ನು ಬಳಸುವ ಬಗೆ

ನಮ್ಮ ಮನೆಯಲ್ಲಿ ಒಂದು ಹಳೆಯ ಪಾಲುಪಟ್ಟಿ ಇದೆ. ಮೂವರು ಅಣ್ಣತಮ್ಮಂದಿರು ಬಾವಿಯ ನೀರನ್ನು ಹಂಚಿಕೊಂಡ ಲೆಕ್ಕ ಅದರಲ್ಲಿದೆ. ಒಂದನೆಯ ಪಾಲುದಾರನಿಗೆ ಅರ್ಧ. ಎರಡನೆಯ ಪಾಲುದಾರನಿಗೆ ಕಾಲು ಮತ್ತು ಒಂದು ವೀಸ. ಮೂರನೆಯ ಪಾಲುದಾರನಿಗೆ ಮೂರು ವೀಸ.

ಮೊದಲ ಸಲ ಓದಿದಾಗ ನಾನು ವೀಸ ಅಂದರೆ ಇಪ್ಪತ್ತರಲ್ಲಿ ಒಂದು ಪಾಲು ಅಂದುಕೊಂಡೆ. ಹಿಂದಿಯ 'ಬೀಸ್', ಸಂಸ್ಕೃತದ 'ವಿಂಶತಿ' ಕಿವಿಯಲ್ಲಿದ್ದವು. ಹಾಗೆ ಲೆಕ್ಕ ಹಾಕಿದರೆ ಇಪ್ಪತ್ತು ಪಾಲಿನಲ್ಲಿ ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಆರು, ಮತ್ತೊಬ್ಬನಿಗೆ ಮೂರು ಬರುತ್ತದೆ. ಕೂಡಿಸಿದರೆ ಹತ್ತೊಂಬತ್ತು. ಒಂದು ಪಾಲು ನೀರು ಯಾರಿಗೂ ಸೇರದೆ ಉಳಿದುಬಿಡುತ್ತದೆ. ಅಷ್ಟು ಜಾಗ್ರತೆಯಿಂದ ಪಟ್ಟಿ ಬರೆದವರು ಇಷ್ಟು ದೊಡ್ಡ ತಪ್ಪು ಮಾಡಿರಲಾರರು, ಅಲ್ವಾ? ತಪ್ಪು ನನ್ನ ಓದಿನಲ್ಲಿತ್ತು. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು.

ಅಂದಿನಿಂದ ಈ ಪದಗಳ ಬಗ್ಗೆ ನನಗೆ ತುಂಬಾ ಅಕ್ಕರೆ. ಮನೆಯ ಕಾಗದ ಓದಲು, ಜಮೀನಿನ ಅಳತೆ ತಿಳಿಯಲು, ಬಡ್ಡಿ ಲೆಕ್ಕ ಹಾಕಲು ಇವು ಇವತ್ತಿಗೂ ಬೇಕು. ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಹೆಜ್ಜೆ 1: ಯಾವ ಪ್ರಶ್ನೆಗೆ ಉತ್ತರ ಅಂತ ಗೊತ್ತು ಮಾಡಿಕೊಳ್ಳಿ

ಸಂಖ್ಯೆ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. 'ಎಷ್ಟು?' ಅಂದರೆ ಎಣಿಕೆ: ಮೂರು ಮಕ್ಕಳು. 'ಎಷ್ಟನೇ?' ಅಂದರೆ ಸಾಲಿನಲ್ಲಿ ಇರುವ ಜಾಗ: ಮೂರನೇ ಮಗು. 'ಎಷ್ಟರಲ್ಲಿ ಎಷ್ಟು?' ಅಂದರೆ ಭಾಗ: ಮೂರರಲ್ಲಿ ಒಂದು ಪಾಲು.

ಇವುಗಳಲ್ಲಿ 'ಎಷ್ಟನೇ' ನನಗೆ ತುಂಬಾ ಇಷ್ಟವಾದ ಪದ. "ನೀವು ಮನೇಲಿ ಎಷ್ಟನೆಯವರು?" "ಎಷ್ಟನೇ ಕ್ಲಾಸು, ಪುಟ್ಟಾ?" "ಇದು ಎಷ್ಟನೇ ಸ್ಟಾಪು?" ಎಷ್ಟು ಸಲೀಸಾಗಿ ಕೇಳುತ್ತೇವೆ! ಇಂಗ್ಲಿಷಿನಲ್ಲಿ ಇದೇ ಪ್ರಶ್ನೆ ಕೇಳಲು ಸುತ್ತಿ ಬಳಸಿ ಹೇಳಬೇಕು. ನಮಗೆ ಒಂದೇ ಪದ ಸಾಕು.

ಹೆಜ್ಜೆ 2: 'ನೇ' ಸೇರಿಸುವುದು

ನಿಯಮ ಸುಲಭ. ಸಂಖ್ಯೆಯ ಕೊನೆಯ 'ಉ' ಬಿಟ್ಟು 'ಅನೆಯ' ಸೇರಿಸಿ: ಮೂರು, ಮೂರನೆಯ. ಹತ್ತು, ಹತ್ತನೆಯ. ಇದರ ಚಿಕ್ಕ ರೂಪವೇ ಮೂರನೇ, ಹತ್ತನೇ. ಎರಡೂ ಸರಿ. ದೊಡ್ಡ ಸಂಖ್ಯೆಯಲ್ಲಿ ಕೊನೆಯ ಪದಕ್ಕೆ ಮಾತ್ರ ಸೇರಿಸಬೇಕು: ನೂರಾ ಇಪ್ಪತ್ತೈದನೇ. ಅಂಕಿಯಲ್ಲಿ ಬರೆದರೆ 125ನೇ. ಅಂಕಿಗೂ 'ನೇ'ಗೂ ನಡುವೆ ಜಾಗ ಬಿಡಬೇಡಿ.

ಹೆಸರಿನ ಹಾಗೆ ಬಳಸುವಾಗ 'ಯ' ಮತ್ತೆ ಬರುತ್ತದೆ: ಮೂರನೆಯವನು, ಮೂರನೆಯವಳು, ಮೂರನೆಯದು. ಮಾತಿನಲ್ಲಿ 'ಮೂರನೇದು' ಅನ್ನುತ್ತೇವೆ. ಬರಹದಲ್ಲಿ 'ಮೂರನೆಯದು' ಚೆಂದ.

ಒಂದಕ್ಕೆ ಮಾತ್ರ ಎರಡು ದಾರಿ ಇದೆ. 'ಒಂದನೇ' ಅನ್ನುವುದು ಅಂಕಿ ಹಾಕಿದ ಸಾಲಿಗೆ: ಒಂದನೇ ತಾರೀಖು, ಒಂದನೇ ಕ್ಲಾಸು, ಒಂದನೇ ಅಡ್ಡರಸ್ತೆ. 'ಮೊದಲ' ಅಥವಾ 'ಮೊದಲನೆಯ' ಅನ್ನುವುದು ಶುರುವಿಗೆ: ಮೊದಲ ಮಳೆ, ಮೊದಲ ಸಂಬಳ. 'ಒಂದನೇ ಮಳೆ' ಅಂತ ಯಾರೂ ಅನ್ನುವುದಿಲ್ಲ. ಇಪ್ಪತ್ತು ದಾಟಿದ ಮೇಲೆ 'ಮೊದಲ'ಕ್ಕೆ ಜಾಗವೇ ಇಲ್ಲ. ಇಪ್ಪತ್ತೊಂದನೇ, ಮೂವತ್ತೊಂದನೇ ಅಷ್ಟೇ.

ಸಂಸ್ಕೃತದಿಂದ ಬಂದ ಪ್ರಥಮ, ದ್ವಿತೀಯ, ತೃತೀಯ ಬಹುಮಾನದಲ್ಲಿ, ಪಿಯುಸಿಯಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ನೆಲೆ ನಿಂತಿವೆ: ಪ್ರಥಮ ದರ್ಜೆ ಸಹಾಯಕ, ದ್ವಿತೀಯ ಪಿಯುಸಿ. ಇವು ಆಗಲೇ ಕ್ರಮ ಹೇಳುವ ಪದಗಳು. ಅದಕ್ಕೇ 'ದ್ವಿತೀಯನೇ' ಅಂತ ಬರೆದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ.

ಹೆಜ್ಜೆ 3: ಹಬ್ಬದ ಹೆಸರಿನಲ್ಲೇ ಕ್ರಮ ಇದೆ, ಗುರುತಿಸಿ

ಕ್ಯಾಲೆಂಡರ್ ನೋಡಿ. ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ, ಷಷ್ಠಿ, ಸಪ್ತಮಿ. ಬಿದಿಗೆ ಅನ್ನುವುದು ದ್ವಿತೀಯಾ ಸವೆದು ಬಂದ ರೂಪ. ತದಿಗೆ ತೃತೀಯಾ. ಚೌತಿ ಚತುರ್ಥಿ. ಗೌರಿ ತದಿಗೆ ಅಂದರೆ ಪಕ್ಷದ ಮೂರನೇ ದಿನ. ಮರುದಿನ ಗಣೇಶ ಚೌತಿ, ನಾಲ್ಕನೇ ದಿನ. ನಾಗರ ಪಂಚಮಿ ಐದನೇ ದಿನ, ರಥಸಪ್ತಮಿ ಏಳನೇ ದಿನ, ರಾಮನವಮಿ ಒಂಬತ್ತನೇ ದಿನ, ವಿಜಯದಶಮಿ ಹತ್ತನೇ ದಿನ, ನರಕ ಚತುರ್ದಶಿ ಹದಿನಾಲ್ಕನೇ ದಿನ.

ಮಕ್ಕಳಿಗೆ ಕ್ರಮಸಂಖ್ಯೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಗೌರಿ ಹಬ್ಬದ ಮರುದಿನವೇ ಗಣೇಶನ ಹಬ್ಬ ಯಾಕೆ ಅಂತ ಕೇಳಿ ನೋಡಿ. ಮೂರರ ಆಮೇಲೆ ನಾಲ್ಕು ಅಂತ ಅವರೇ ಹೇಳುತ್ತಾರೆ.

ಹೆಜ್ಜೆ 4: ತುಂಬಿದ್ದು ಬೇರೆ, ನಡೆಯುತ್ತಿರುವುದು ಬೇರೆ

ಜಾಸ್ತಿ ಜನ ಎಡವುವುದು ಇಲ್ಲಿ. ಐವತ್ತನೇ ವರ್ಷ ಶುರುವಾಗುವುದು ನಲವತ್ತೊಂಬತ್ತು ತುಂಬಿದ ಮರುದಿನ. ಐವತ್ತು ತುಂಬಿದಾಗ ಐವತ್ತೊಂದನೇ ವರ್ಷ ಹಿಡಿಯುತ್ತದೆ.

ಭಾರತದ ಮೊದಲ ಸ್ವಾತಂತ್ರ್ಯ ದಿನ 1947ರ ಆಗಸ್ಟ್ 15. 2022ರ ಆಗಸ್ಟ್ 15ಕ್ಕೆ 75 ವರ್ಷ ತುಂಬಿತು, ಆದರೆ ಅಂದು ಆಚರಿಸಿದ್ದು 76ನೇ ಸ್ವಾತಂತ್ರ್ಯ ದಿನ. ಎರಡೂ ಸರಿ, ಎರಡೂ ಬೇರೆ ಮಾತು. ಲೆಕ್ಕ ಹೀಗೆ: ಈ ವರ್ಷದಿಂದ ಮೊದಲ ವರ್ಷ ಕಳೆದರೆ ತುಂಬಿದ ವರ್ಷಗಳು ಸಿಗುತ್ತವೆ. ಅದಕ್ಕೆ ಒಂದು ಕೂಡಿದರೆ ಎಷ್ಟನೆಯ ಆಚರಣೆ ಅನ್ನುವುದು ಸಿಗುತ್ತದೆ. ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.

ಶತಮಾನದ್ದೂ ಇದೇ ಕಥೆ. ಹನ್ನೆರಡನೇ ಶತಮಾನ ಅಂದರೆ 1201ರ ಆಚೆಯದಲ್ಲ. 1101ರಿಂದ 1200ರವರೆಗಿನ ನೂರು ವರ್ಷ. ಬಸವಣ್ಣನವರ ಕಾಲ ಇದರೊಳಗೆ ಬರುತ್ತದೆ.

ಹೆಜ್ಜೆ 5: 'ಮೂರನೇ ಭಾಗ'ವೋ 'ಮೂರನೇ ಒಂದು ಭಾಗ'ವೋ?

ಕ್ರಮಸಂಖ್ಯೆಯೂ ಭಿನ್ನರಾಶಿಯೂ ಕೈ ಹಿಡಿಯುವ ಜಾಗ ಇದು. ಕನ್ನಡದಲ್ಲಿ ಛೇದಕ್ಕೆ 'ನೇ' ಹಚ್ಚಿ ಮೊದಲು ಹೇಳುತ್ತೇವೆ, ಅಂಶವನ್ನು ಆಮೇಲೆ: ಮೂರನೇ ಒಂದು, ಮೂರನೇ ಎರಡು, ಐದನೇ ಮೂರು. ಪತ್ರಿಕೆಯಲ್ಲಿ 'ಮೂರನೇ ಎರಡರಷ್ಟು ಬಹುಮತ' ಅಂತ ಓದುತ್ತೀರಲ್ಲ, ಅದೇ ಇದು. ಮೂರು ಪಾಲು ಮಾಡಿ ಎರಡು ಪಾಲು ತೆಗೆದುಕೊಂಡಿದ್ದು.

ಆದರೆ 'ಮೂರನೇ ಭಾಗ' ಅಂತಷ್ಟೇ ಬರೆದರೆ ಎರಡು ಅರ್ಥ ಬರುತ್ತದೆ. ಕಾದಂಬರಿಯ ಮೂರನೇ ಭಾಗ ಅಂದರೆ ಎರಡನೆಯದರ ಮುಂದಿನದು. ಆಸ್ತಿಯ ಮೂರನೇ ಭಾಗ ಅಂದರೆ ಮೂರರಲ್ಲಿ ಒಂದು ಪಾಲೂ ಆಗಬಹುದು, ಮೂರನೆಯ ತುಂಡೂ ಆಗಬಹುದು. ಉಯಿಲು, ಕರಾರು ಬರೆಯುವಾಗ ಇಂಥದ್ದನ್ನು ಬಿಡಲೇಬಾರದು. 'ಮೂರರಲ್ಲಿ ಒಂದು ಪಾಲು' ಅಂತ ಬಿಡಿಸಿ ಬರೆಯಿರಿ, ಪಕ್ಕದಲ್ಲಿ 1/3 ಅಂತ ಅಂಕಿಯನ್ನೂ ಹಾಕಿ.

ದಿನದ ಮಾತಿಗೆ 'ಮೂರರಲ್ಲಿ ಒಂದು', 'ಹತ್ತರಲ್ಲಿ ಏಳು' ಅನ್ನುವ ರೂಪವೇ ಹಿತ. ಬೆಂಗಳೂರಿನ ಹೋಟೆಲಿನಲ್ಲಿ 'ಬೈ ಟೂ ಕಾಫಿ' ಅಂದರೆ ಒಂದು ಕಾಫಿ ಎರಡು ಲೋಟಕ್ಕೆ. ಛೇದ ಮಾತ್ರ ಹೇಳಿ ಅಂಶ ಬಿಟ್ಟರೂ ಸಪ್ಲೈಯರ್‌ಗೆ ಸರಿಯಾಗಿ ಗೊತ್ತಾಗುತ್ತದೆ.

ಹೆಜ್ಜೆ 6: ಕಾಲಿನ ಏಣಿ ಹತ್ತಿ ಇಳಿಯುವುದು

ಕನ್ನಡದ ಹಳೆಯ ಭಾಗಗಳೆಲ್ಲ ನಾಲ್ಕರ ಏಣಿಯ ಮೇಲೆ ನಿಂತಿವೆ. ದನಕ್ಕೆ ನಾಲ್ಕು ಕಾಲು, ಅದಕ್ಕೇ ನಾಲ್ಕರಲ್ಲಿ ಒಂದು ಪಾಲು 'ಕಾಲು'. ಸಂಸ್ಕೃತದ 'ಪಾದ'ಕ್ಕೂ ಈ ಎರಡು ಅರ್ಥ ಇದೆ. ಮೂರು ಕಾಲು ಸೇರಿದರೆ ಮುಕ್ಕಾಲು. ಕಾಲಿನ ಕಾಲು ವೀಸ. ವೀಸದ ಕಾಲು ಕಾಣಿ. ಪ್ರತಿ ಮೆಟ್ಟಿಲಿನ ಅರ್ಧಕ್ಕೆ ಹಿಂದೆ 'ಅರೆ' ಹಚ್ಚಬೇಕು.

ಅರೆ, ಅರ್ಧ: 1/2
ಕಾಲು: 1/4
ಅರೆಕಾಲು: 1/8
ವೀಸ: 1/16
ಅರೆವೀಸ: 1/32
ಕಾಣಿ: 1/64

ನಾಲ್ಕೇ ಯಾಕೆ? ಕೈಯಲ್ಲಿ ಮಾಡಿ ನೋಡಿದರೆ ತಿಳಿಯುತ್ತದೆ. ಹಗ್ಗವನ್ನು ಮಡಿಸಿದರೆ ಅರ್ಧ, ಇನ್ನೊಮ್ಮೆ ಮಡಿಸಿದರೆ ಕಾಲು. ತಕ್ಕಡಿಯಲ್ಲಿ ಎರಡು ತಟ್ಟೆ ಸಮ ಮಾಡುತ್ತಾ ಹೋದರೂ ಹಾಗೇ. ಅಳತೆಗೋಲು ಬೇಡ, ಬತ್ತದ ರಾಶಿಯೂ ಹಂಚಿಹೋಗುತ್ತದೆ. ಮೂರು ಸಮಪಾಲು, ಐದು ಸಮಪಾಲು ಹಾಗೆ ಬರುವುದಿಲ್ಲ.

ಈ ಏಣಿ ಒಮ್ಮೆ ಕಂಡರೆ ಎಲ್ಲ ಕಡೆ ಕಾಣುತ್ತದೆ. ಹಳೆಯ ಶಾಸನಗಳಲ್ಲಿ ಪಣ ಅನ್ನುವ ನಾಣ್ಯದ ಕಾಲು ಭಾಗ ಹಾಗ, ಹದಿನಾರರಲ್ಲಿ ಒಂದು ಪಾಲು ವೀಸ. ಸೇರಿನಲ್ಲಿ ಕಾಲು ಪಾವು, ಪಾವಿನಲ್ಲಿ ಕಾಲು ಚಟಾಕು. ಅಂದರೆ ಚಟಾಕು ಸೇರಿನ ವೀಸ. ರೂಪಾಯಿಯಲ್ಲಿ ಕಾಲು ಪಾವಲಿ, ಅದರ ಕಾಲು ಆಣೆ, ಆಣೆಯ ಕಾಲು ಹಳೆಯ ಪೈಸೆ. 1957ರ ಏಪ್ರಿಲ್ 1ರಂದು ನೂರು ನಯಾಪೈಸೆಯ ರೂಪಾಯಿ ಬರುವವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಆಣೆಯೇ ರೂಪಾಯಿಯ ವೀಸ, ಪೈಸೆಯೇ ಕಾಣಿ! ಇದು ಹೊಳೆದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಬರೆಯಲು ಚಿಹ್ನೆಗಳೂ ಇದ್ದವು. ಒಂದು ನಿಂತ ಗೀಟು ಕಾಲು, ಎರಡು ಗೀಟು ಅರ್ಧ, ಮೂರು ಗೀಟು ಮುಕ್ಕಾಲು. ವೀಸಗಳಿಗೆ ಓರೆ ಗೀಟು. ಹಳೆಯ ಲೆಕ್ಕದ ಪುಸ್ತಕದಲ್ಲಿ ಅಂಕಿಯ ಮುಂದೆ ಎರಡು ನಿಂತ ಗೀಟು ಕಂಡರೆ ಅದನ್ನು ಪೂರ್ಣವಿರಾಮ ಅಂದುಕೊಳ್ಳಬೇಡಿ. ಅಲ್ಲಿ ಎಂಟಾಣೆ ಇರಬಹುದು. ಈ ಚಿಹ್ನೆಗಳಿಗೆ 2009ರಲ್ಲಿ ಯೂನಿಕೋಡ್‌ನಲ್ಲೂ ಜಾಗ ಸಿಕ್ಕಿದೆ.

ಎರಡು ಎಚ್ಚರಿಕೆ. ಒಂದು, ವೀಸ ಬೇರೆ, ವೀಸೆ ಬೇರೆ. ವೀಸೆ ಅನ್ನುವುದು ತೂಕ, ಸುಮಾರು 1.4 ಕಿಲೋ. ಕಾಗದ ಮಸುಕಾಗಿದ್ದರೆ ಎರಡೂ ಒಂದೇ ಹಾಗೆ ಕಾಣುತ್ತವೆ. ಎರಡು, ತಮಿಳಿನಲ್ಲಿ ಕಾಣಿ ಅಂದರೆ 1/80. ಗಡಿ ಊರಿನ ಹಳೆಯ ಪತ್ರ ಓದುವಾಗ ಯಾವ ಭಾಷೆಯ ಲೆಕ್ಕ ಅಂತ ನೋಡಿ.

ಹೆಜ್ಜೆ 7: ಪೂರ್ಣಸಂಖ್ಯೆಗೆ ಭಾಗ ಜೋಡಿಸುವುದು

ಸಂಖ್ಯೆಯ ಕೊನೆಯ 'ಉ' ದೀರ್ಘ ಮಾಡಿ ಭಾಗ ಸೇರಿಸಿ: ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು. ಆ ದೀರ್ಘವೇ 'ಮತ್ತು' ಅನ್ನುವ ಕೆಲಸ ಮಾಡುತ್ತದೆ. ಅದನ್ನು ನುಂಗಿಬಿಟ್ಟು 'ಮೂರುಕಾಲು' ಅಂತ ಬರೆದರೆ ಮೂರು ಮತ್ತು ಕಾಲೋ, ಮೂರು ಸಲ ಕಾಲೋ ತಿಳಿಯುವುದಿಲ್ಲ. ಮೊದಲನೆಯದು 'ಮೂರೂಕಾಲು', ಎರಡನೆಯದು 'ಮುಕ್ಕಾಲು'. ಒಂದು ದೀರ್ಘದಲ್ಲಿ ಎರಡೂವರೆಯಷ್ಟು ಅಂತರ!

ಲಕ್ಷ, ಕೋಟಿಯ ಜೊತೆ ಭಾಗ ಮೊದಲು ಬರುತ್ತದೆ. ಒಂದೂಕಾಲು ಲಕ್ಷ ಅಂದರೆ 1,25,000. ಮುಕ್ಕಾಲು ಲಕ್ಷ 75,000. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಬೇರೆ ಪದಗಳೂ ಇವೆ: ಸವ್ವಾ ನೂರು 125, ದೀಡ ನೂರು 150, ಅಡೀಚ ಸಾವಿರ 2,500. 'ದೀಡ ತಾಸು' ಅಂದರೆ ಒಂದೂವರೆ ಗಂಟೆ. ಆ ಕಡೆಯ ಸಂತೆಯಲ್ಲಿ ವ್ಯಾಪಾರ ಮಾಡುವವರು ಈ ಮೂರನ್ನು ಕಲಿತಿರಲೇಬೇಕು.

ಅರೆಗೂ ಅರ್ಧಕ್ಕೂ ಒಂದು ಸಣ್ಣ ವ್ಯತ್ಯಾಸ ಇದೆ. ಅರ್ಧ ಲೀಟರ್ ಹಾಲು ಅಂದರೆ ಸರಿಯಾಗಿ ಅರ್ಧ. ಅರೆಬೆಂದ ಅನ್ನ, ಅರೆಹೊಟ್ಟೆ, ಅರೆಮನಸ್ಸು ಅಂದಾಗ ಅಳತೆ ಇಲ್ಲ, 'ಪೂರ್ತಿ ಆಗಿಲ್ಲ' ಅಂತಷ್ಟೇ. 'ಮುಕ್ಕಾಲು ಪಾಲು ಜನ ಬಂದಿದ್ದರು' ಅಂದರೂ ಯಾರೂ ಎಣಿಸಿರುವುದಿಲ್ಲ. ಬಹಳ ಜನ ಬಂದಿದ್ದರು ಅಂತ ಅರ್ಥ. ಅರೆಗಳಿಗೆಯನ್ನೂ ಸುಮ್ನೆ 'ಸ್ವಲ್ಪ ಹೊತ್ತು' ಅಂತ ಬಳಸುತ್ತೇವೆ, ಆದರೆ ಪಂಚಾಂಗದ ಗಳಿಗೆ 24 ನಿಮಿಷ. ಅರೆಗಳಿಗೆ ಸರಿಯಾಗಿ 12 ನಿಮಿಷ.

ಹೆಜ್ಜೆ 8: ಜಮೀನು, ಬಡ್ಡಿ, ಚಿನ್ನ

ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 16 ಆಣೆ. ಗುಂಟೆ 1,089 ಚದರಡಿ, ಹಾಗಾಗಿ ಒಂದು ಆಣೆ ಸುಮಾರು 68 ಚದರಡಿ. ಪಹಣಿಯಲ್ಲಿ 2.20 ಅಂತ ಇದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕ್ಯಾಲ್ಕ್ಯುಲೇಟರಿನಲ್ಲಿ 2.20 ಅಂತಲೇ ಒತ್ತಿದರೆ 12 ಗುಂಟೆ ಮಾಯವಾಗುತ್ತದೆ. ಹದಿಮೂರು ಸಾವಿರ ಚದರಡಿಗೂ ಜಾಸ್ತಿ ಜಾಗ ಅದು! ಮಂಗಳೂರು, ಉಡುಪಿ ಕಡೆ ಸೆಂಟ್ಸ್ ಲೆಕ್ಕ. ಎಕರೆಗೆ 100 ಸೆಂಟ್ಸ್. ಅಲ್ಲಿ 2.20 ಅಂದರೆ ನಿಜವಾಗಿಯೂ ಎರಡು ಎಕರೆ ಇಪ್ಪತ್ತು ಸೆಂಟ್ಸ್. ಗುರುತು ಹಿಡಿಯಲು ಒಂದು ಉಪಾಯ: ಚುಕ್ಕೆಯ ಆಚೆ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಅದು ಗುಂಟೆ ಆಗಿರಲಾರದು.

'ನಾಲ್ಕಾಣೆ' ಅನ್ನುವುದಕ್ಕೂ ಇಲ್ಲಿ ಎರಡು ಅರ್ಥ. ಆಸ್ತಿಯಲ್ಲಿ ನಾಲ್ಕಾಣೆ ಪಾಲು ಅಂದರೆ ಇಡೀ ಆಸ್ತಿಯ ಕಾಲು ಭಾಗ. ವಿಸ್ತೀರ್ಣದ ಕಾಲಂನಲ್ಲಿ ನಾಲ್ಕು ಆಣೆ ಅಂದರೆ ಗುಂಟೆಯ ಕಾಲು ಭಾಗ, ಬರೀ 272 ಚದರಡಿ. 'ಹದಿನಾರಾಣೆ ಸತ್ಯ' ಅಂತ ನಾವು ಅನ್ನುವುದೂ ಪಾಲಿನ ಲೆಕ್ಕದಿಂದಲೇ. ಹದಿನಾರು ತುಂಬಿದರೆ ಪೂರ್ತಿ.

ಕೈಸಾಲದ ಬಡ್ಡಿಯನ್ನು ಹಳ್ಳಿಯಲ್ಲಿ ನೂರಕ್ಕೆ, ತಿಂಗಳಿಗೆ ಹೇಳುತ್ತಾರೆ. 'ಒಂದೂವರೆ ರೂಪಾಯಿ ಬಡ್ಡಿ' ಕೇಳಲು ಚಿಕ್ಕದು. ವರ್ಷಕ್ಕೆ ಅದು ಶೇ 18. ಎರಡು ರೂಪಾಯಿ ಬಡ್ಡಿ ಶೇ 24. ಮುಕ್ಕಾಲು ರೂಪಾಯಿ ಬಡ್ಡಿ ಶೇ 9. ಒಪ್ಪಿಕೊಳ್ಳುವ ಮುಂಚೆ ಹನ್ನೆರಡರಿಂದ ಗುಣಿಸಿ ನೋಡಿ, ದಯವಿಟ್ಟು.

ಚಿನ್ನದಲ್ಲಿ ಕ್ಯಾರೆಟ್ ಅಂದರೆ 24ರಲ್ಲಿ ಒಂದು ಪಾಲು. 22 ಕ್ಯಾರೆಟ್ ಅಂದರೆ 24 ಪಾಲಿನಲ್ಲಿ 22 ಚಿನ್ನ. ಸಾವಿರಕ್ಕೆ ಲೆಕ್ಕ ಹಾಕಿದರೆ 916. ಒಡವೆಯ ಮೇಲೆ ಕಾಣುವ 916 ಅದೇ. ಹಳೆಯ ತೂಕದಲ್ಲಿ ತೊಲಕ್ಕೆ 12 ಮಾಸ, ಮಾಸಕ್ಕೆ 8 ಗುಲಗಂಜಿ. ತೊಲದ 96ರಲ್ಲಿ ಒಂದು ಪಾಲನ್ನು ಒಂದು ಕೆಂಪು ಬೀಜ ತೂಗುತ್ತಿತ್ತು.

ಹೆಜ್ಜೆ 9: ಇನ್ನೂ ಚಿಕ್ಕದಾದರೆ

ಕಾಣಿಗಿಂತ ಕೆಳಗೆ ಇಳಿದರೆ ಈಗ ಹತ್ತರ ಲೆಕ್ಕವೇ ಸುಲಭ. ಮಿಲಿ ಅಂದರೆ ಸಾವಿರದಲ್ಲಿ ಒಂದು. ಮೈಕ್ರೋ ಅಂದರೆ ಹತ್ತು ಲಕ್ಷದಲ್ಲಿ ಒಂದು. ನ್ಯಾನೋ ಅಂದರೆ ನೂರು ಕೋಟಿಯಲ್ಲಿ ಒಂದು. ಲಕ್ಷ, ಕೋಟಿ ನಮಗೆ ಚೆನ್ನಾಗಿ ಗೊತ್ತು. ಹಾಗಾಗಿ ಇವನ್ನು ಹೀಗೆ ಬಿಡಿಸಿ ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಕೊಳವೆಬಾವಿಯ ನೀರಿನ ವರದಿಯಲ್ಲಿ ಫ್ಲೋರೈಡ್ 1.5 ಪಿಪಿಎಂ ದಾಟಬಾರದು ಅಂತ ಇರುತ್ತದೆ. ಹತ್ತು ಲಕ್ಷ ಪಾಲು ನೀರಿನಲ್ಲಿ ಒಂದೂವರೆ ಪಾಲು, ಅಂದರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ. ಪಾವಗಡದ, ಕೋಲಾರದ ಹಳ್ಳಿಗಳಲ್ಲಿ ಹಲ್ಲು, ಮೂಳೆ ಹಾಳು ಮಾಡಿದ್ದು ಇಷ್ಟು ಚಿಕ್ಕ ಭಾಗಗಳೇ.

ಹೆಜ್ಜೆ 10: ಕೂಡಿಸಿ ತಾಳೆ ನೋಡಿ

ಈಗ ನಮ್ಮ ಪಾಲುಪಟ್ಟಿಗೆ ವಾಪಸ್ ಬರೋಣ. ಎಲ್ಲವನ್ನೂ ಅದರಲ್ಲಿರುವ ಅತಿ ಚಿಕ್ಕ ಭಾಗಕ್ಕೆ ಇಳಿಸಿ. ಇಲ್ಲಿ ಅದು ವೀಸ. ಅರ್ಧ ಅಂದರೆ ಎಂಟು ವೀಸ. ಕಾಲು ನಾಲ್ಕು ವೀಸ, ಜೊತೆಗೆ ಒಂದು ಸೇರಿ ಐದು. ಮೂರನೆಯವನಿಗೆ ಮೂರು. ಎಂಟು, ಐದು, ಮೂರು: ಹದಿನಾರು. ಒಂದು ಹನಿಯೂ ಉಳಿಯಲಿಲ್ಲ. ಮೊತ್ತ ಪೂರ್ತಿ ಬರದಿದ್ದರೆ ಯಾವುದೋ ಪದದ ಅರ್ಥ ತಪ್ಪಾಗಿದೆ ಅಂತ ತಿಳಿದು ಮತ್ತೆ ಓದಿ.

ಹದಿನಾರು ದಿನದ ಸರದಿ ಹಾಕಿದರೆ ಒಂದನೆಯವನಿಗೆ ಒಂದನೇ ದಿನದಿಂದ ಎಂಟನೇ ದಿನದವರೆಗೆ ನೀರು. ಎರಡನೆಯವನಿಗೆ ಒಂಬತ್ತನೇ ದಿನದಿಂದ ಹದಿಮೂರನೇ ದಿನದವರೆಗೆ. ಹದಿಮೂರರಲ್ಲಿ ಒಂಬತ್ತು ಕಳೆದರೆ ನಾಲ್ಕೇ ಅಲ್ವಾ, ಐದು ದಿನ ಹೇಗೆ ಅಂತ ಅನ್ನಿಸಬಹುದು. ಬೆರಳು ಮಡಿಸಿ ಎಣಿಸಿ: ಒಂಬತ್ತನೇ, ಹತ್ತನೇ, ಹನ್ನೊಂದನೇ, ಹನ್ನೆರಡನೇ, ಹದಿಮೂರನೇ. ಐದು. ಮೂರನೆಯವನ ಸರದಿ ಹದಿನಾಲ್ಕನೇ ದಿನ ಬೆಳಿಗ್ಗೆ ಶುರು. ಹದಿನಾರನೇ ದಿನ ಮುಗಿದರೆ ಮಾರನೇ ದಿನ ಮತ್ತೆ ಒಂದನೇ ದಿನ.